ಸುದ್ದಿಯ ಕಟ್ಟಡ: ಕಾಫಿ ಮಲೆನಾಡಿನ ನಿದರ್ಶನದೊಡನೆ ಒಂದು ಚಾರಿತ್ರಿಕ ವಿವೇಚನೆ

೧. ಪೀಠಿಕೆ

ಸುದ್ದಿಯನ್ನು ಬರೆಯುವ ಕ್ರಮವನ್ನು ನಮ್ಮ ಕಾಲೇಜುಗಳಲ್ಲಿ ಕೆಲವು ಸೂತ್ರಗಳ ರೂಪದಲ್ಲಿ ಕಲಿಸುವುದು ವಾಡಿಕೆಯಾಗಿದೆ. ಮುಖ್ಯವಾದುದನ್ನು ಮೊದಲು ಹೇಳಬೇಕು, ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ ಎಂಬ ಆರು ಪ್ರಶ್ನೆಗಳಿಗೆ ಉತ್ತರವಿರಬೇಕು, ವಾಕ್ಯಗಳು ಚಿಕ್ಕವಾಗಿರಬೇಕು, ವರದಿಗಾರನು ತನ್ನ ಅಭಿಪ್ರಾಯವನ್ನು ಬೆರಸಬಾರದು, ಹೇಳಿಕೆಯೊಡನೆ ಹೇಳಿದವರ ಹೆಸರಿರಬೇಕು. ಇವು ಉಪಯುಕ್ತವಾದ ಸೂತ್ರಗಳೆಂಬುದರಲ್ಲಿ ಸಂಶಯವಿಲ್ಲ. ಆದರೆ ಇವು ಯಾವ ಅಗತ್ಯದಿಂದ ಹುಟ್ಟಿದುವು, ಯಾವ ಕಾಲದಲ್ಲಿ ನೆಲೆಗೊಂಡುವು ಎಂಬುದನ್ನು ವಿಚಾರಿಸದೆ ಕಂಠಪಾಠ ಮಾಡಿದ ವಿದ್ಯಾರ್ಥಿಯು ಅವುಗಳನ್ನು ಸನಾತನ ನಿಯಮಗಳೆಂದು ಭಾವಿಸುವ ಅಪಾಯವುಂಟು. ನಿಯಮದ ಹಿಂದಣ ಕಾರಣವನ್ನು ತಿಳಿಯದವನಿಗೆ ಅದನ್ನು ಎಲ್ಲಿ ಪಾಲಿಸಬೇಕು, ಎಲ್ಲಿ ಮೀರಬೇಕು ಎಂಬ ವಿವೇಕ ಬರುವುದು ಕಷ್ಟ.

ಪ್ರಕೃತ ಲೇಖನದಲ್ಲಿ ಸುದ್ದಿಯ ಕಟ್ಟಡದ ಈ ಮೂಲಸೂತ್ರಗಳನ್ನು ಚರಿತ್ರೆಯ ಬೆಳಕಿನಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ. ನಿದರ್ಶನಕ್ಕಾಗಿ ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳನ್ನೊಳಗೊಂಡ ಕಾಫಿ ಮಲೆನಾಡನ್ನು ಆರಿಸಿಕೊಂಡಿದ್ದೇವೆ. ಈ ಆಯ್ಕೆಗೆ ಕಾರಣವಿದೆ. ರಾಜಧಾನಿಯ ಸುದ್ದಿ ಕಚೇರಿಯ ಬಾಗಿಲಿಗೇ ಬಂದು ನಿಲ್ಲುತ್ತದೆ. ಬೆಟ್ಟದ ಸುದ್ದಿ ದಾರಿ ಸವೆಸಿ ಬರಬೇಕು. ಬೆಂಗಳೂರಿನಿಂದ ಹರಿಹರಕ್ಕೆ ಹೋಗುವ ರೈಲುಮಾರ್ಗ ೧೮೮೯ರಲ್ಲಿ ಪೂರ್ತಿಯಾದಾಗ ಈ ಜಿಲ್ಲೆಯ ಪಾಲಿಗೆ ಬಂದುದು ಕಡೂರು, ಬೀರೂರುಗಳ ಬಯಲು ನಿಲ್ದಾಣಗಳು. ಜಿಲ್ಲೆಯ ಮುಖ್ಯಸ್ಥಳವು ೧೮೬೫ರಲ್ಲಿಯೇ ಕಡೂರಿನಿಂದ ಚಿಕ್ಕಮಗಳೂರಿಗೆ ಬಂದಿದ್ದರೂ ಆ ಪಟ್ಟಣಕ್ಕೆ ರೈಲು ಬಂದುದು ೨೦೧೩ರಲ್ಲಿ. ಮೂಡಿಗೆರೆಯ ಜನಕ್ಕೆ ಕರಾವಳಿಯ ದಾರಿಯೆಂದರೆ ಚಾರ್ಮಾಡಿ ಘಾಟಿ. ಬಹುಕಾಲ ಮೂಡಿಗೆರೆ ತಾಲೂಕಿಗೆ ಸೇರಿದ್ದು ಈಚೆಗೆ ಪ್ರತ್ಯೇಕ ತಾಲೂಕಾದ ಕಳಸವು ಭದ್ರಾ ನದಿಯ ತಿರುವುಗಳ ನಡುವೆ ಬೆಟ್ಟಗಳಿಂದ ಸುತ್ತುವರಿದ ಊರು. ಇಂತಹ ನೆಲದಲ್ಲಿ ಸುದ್ದಿಯ ರೂಪವನ್ನು ನಿರ್ಧರಿಸುವ ಸಂಗತಿಗಳು, ಎಂದರೆ ದಾರಿ, ತಂತಿ, ಅಚ್ಚುಮೊಳೆ, ಕಾನೂನು, ಓದುಗನ ಅಗತ್ಯ ಇವು ಮರೆಯಾಗಿರದೆ ಎದ್ದು ಕಾಣುತ್ತವೆ.

೨. ಶಾಸನದ ಕ್ರಮ

ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ೧೯೫೧ರಲ್ಲಿ ಪ್ರಾರಂಭವಾದ ಪತ್ರಿಕೋದ್ಯಮ ವಿಭಾಗವನ್ನು ಬೆಳೆಸಿದ ನಾಡಿಗ ಕೃಷ್ಣಮೂರ್ತಿಯವರು ೧೯೬೬ರಲ್ಲಿ ಪ್ರಕಟಿಸಿದ ಭಾರತೀಯ ಪತ್ರಿಕೋದ್ಯಮದ ಇತಿಹಾಸವನ್ನು ಅಶೋಕನ ಕಾಲದಿಂದ ಪ್ರಾರಂಭಿಸಿದರು. ಶಾಸನವನ್ನು ಪತ್ರಿಕೆಯೆಂದು ಕರೆಯುವುದು ಅತಿಶಯವಾದೀತು. ಆದರೂ ಒಂದು ಘಟನೆಯನ್ನು ಸಾರ್ವಜನಿಕರ ತಿಳಿವಿಗಾಗಿ ಬರೆದಿಡುವ ಕಾರ್ಯದಲ್ಲಿ ಎರಡಕ್ಕೂ ಸಾಮ್ಯವಿದೆಯೆಂಬುದನ್ನು ಒಪ್ಪಬೇಕಾಗುತ್ತದೆ.

ಈ ಪ್ರದೇಶದ ಶಾಸನಗಳನ್ನು ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ೬ನೆಯ ಸಂಪುಟದಲ್ಲಿ ೧೯೦೧ರಲ್ಲಿ ಹೊರತಂದರು. ಹೊಯ್ಸಳರ ಮೂಲಸ್ಥಾನವಾದ ಸೊಸೆವೂರೆಂದು ಗುರುತಿಸಲಾಗಿರುವ ಅಂಗಡಿ ಗ್ರಾಮ ಮೂಡಿಗೆರೆ ತಾಲೂಕಿನಲ್ಲಿದೆ. ಕಳಸ–ಕಾರ್ಕಳದ ಅರಸರ ನೆಲೆಯಾಗಿದ್ದ ಕಳಸವೂ ಶಾಸನಗಳಿಗೆ ಹೆಸರಾದ ಸ್ಥಳ. ಸಾಮಾನ್ಯವಾಗಿ ದಾನಶಾಸನವೊಂದರ ಕಟ್ಟಡವನ್ನು ನೋಡಿದರೆ ಮೊದಲು ಮಂಗಳಪದ, ಬಳಿಕ ಶಕವರ್ಷ ಸಂವತ್ಸರ ಮಾಸ ತಿಥಿವಾರಗಳು, ಆಳುವ ಅರಸನ ಬಿರುದುಗಳು, ಅಧಿಕಾರಿಯ ಹೆಸರು, ಆಮೇಲೆ ಕೊಟ್ಟ ದಾನ, ಭೂಮಿಯ ಎಲ್ಲೆ, ಸಾಕ್ಷಿಗಳು, ಕಡೆಗೆ ಶಾಪಾಶಯ ಮತ್ತು ಬರೆದವನ ಹೆಸರು ಬರುತ್ತವೆ. ಈ ಕ್ರಮದಲ್ಲಿ ಹೆಚ್ಚುಕಡಮೆಗಳಿದ್ದರೂ ಒಟ್ಟು ವಿನ್ಯಾಸ ಇದೇ. ಯಾರು, ಏನು, ಎಲ್ಲಿ, ಯಾವಾಗ ಎಂಬ ಪ್ರಶ್ನೆಗಳಲ್ಲಿ ಒಂದೂ ಇಲ್ಲಿ ಉತ್ತರವಿಲ್ಲದೆ ಉಳಿದಿಲ್ಲ. ಆದರೆ ನಡೆದುದೇನೆಂಬುದು ತಿಳಿಯಬೇಕಾದರೆ ಓದುಗನು ಅರ್ಧ ಕಲ್ಲನ್ನು ಓದಿ ಮುಗಿಸಿರಬೇಕು.

ವೀರಗಲ್ಲಿನ ವಿನ್ಯಾಸವು ಇನ್ನೂ ವಿಚಾರಾರ್ಹವಾದುದು. ಸಾಮಾನ್ಯವಾಗಿ ಅದರ ಕೆಳಗಿನ ಫಲಕದಲ್ಲಿ ಹೋರಾಟ, ನಡುವೆ ವೀರನನ್ನು ಅಪ್ಸರೆಯರು ಕೊಂಡೊಯ್ಯುವ ದೃಶ್ಯ, ಮೇಲೆ ದೇವಸನ್ನಿಧಿ ಇರುತ್ತವೆ. ಘಟನೆ ಅಡಿಯಲ್ಲಿದೆ, ಫಲ ಮೇಲಿದೆ; ಓದುವುದು ಕೆಳಗಿನಿಂದ ಮೇಲಕ್ಕೆ.

ಈ ಕ್ರಮವನ್ನು ಅಜ್ಞಾನವೆಂದು ಬಗೆಯುವುದು ಸರಿಯಲ್ಲ. ಶಾಸನವನ್ನು ಓದುವವನಿಗೆ ಅವಸರವಿರಲಿಲ್ಲ. ಕಲ್ಲನ್ನು ಸ್ಥಳಾಭಾವದಿಂದ ಯಾರೂ ಕೆಳಗಿನಿಂದ ಕತ್ತರಿಸುತ್ತಿರಲಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಕಾಲ ಮತ್ತು ಪ್ರಭುತ್ವಗಳ ಉಲ್ಲೇಖವಿಲ್ಲದ ದಾನಕ್ಕೆ ಪ್ರಾಮಾಣ್ಯವೇ ಇರುತ್ತಿರಲಿಲ್ಲ. ಹೀಗಿರಲು ಶಾಸನಕಾರನು ತನ್ನ ಓದುಗನಿಗೆ ಯಾವುದು ಮೊದಲು ಬೇಕೋ ಅದನ್ನೇ ಮೊದಲು ಇಟ್ಟನೆನ್ನಬೇಕು. ಮುಖ್ಯವಾದುದು ಮೊದಲು ಎಂಬ ಸೂತ್ರವನ್ನು ಆತ ಮುರಿಯಲಿಲ್ಲ. ಅವನ ಕಾಲದಲ್ಲಿ ಮುಖ್ಯವೆನಿಸಿದ್ದುದು ಬೇರೆಯಾಗಿದ್ದಿತು.

೩. ವೃತ್ತಾಂತದ ಕ್ರಮ

ಕನ್ನಡದ ಮೊದಲ ಪತ್ರಿಕೆಯೆಂದು ಮನ್ನಣೆ ಪಡೆದ ‘ಮಂಗಳೂರ ಸಮಾಚಾರ’ವು ೧೮೪೩ರ ಜುಲೈ ೧ರಂದು ಹೊರಬಿದ್ದಿತು. ಬಾಸೆಲ್ ಮಿಷನ್ನಿನ ಹೆರ್ಮನ್ ಮೋಗ್ಲಿಂಗ್ ಅದರ ಸಂಪಾದಕರು. ಕಲ್ಲಚ್ಚಿನಲ್ಲಿ ಮುದ್ರಿತವಾಗಿ ಪಕ್ಷಕ್ಕೊಮ್ಮೆ ಬರುತ್ತಿದ್ದ ಆ ಪತ್ರಿಕೆ ೧೮೪೪ರಲ್ಲಿ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವೆಂಬ ಹೆಸರು ತಳೆಯಿತು. ಊರ ವರ್ತಮಾನ, ಸರ್ಕಾರದ ಆಜ್ಞೆಗಳು, ಪರರಾಜ್ಯಗಳ ಸಂಗತಿ, ಆಶ್ಚರ್ಯದ ವಿಷಯ, ನೀತಿಕಥೆ ಇವೆಲ್ಲಕ್ಕೂ ಅದರಲ್ಲಿ ಎಡೆಯಿದ್ದಿತು. ಮುಂದೆ ಮೈಸೂರು ಸೀಮೆಯಲ್ಲಿ ೧೮೫೯ರಲ್ಲಿ ‘ಮೈಸೂರು ವೃತ್ತಾಂತ ಬೋಧಿನಿ’ಯೂ, ೧೮೮೭ರಲ್ಲಿ ವೆಸ್ಲಿಯನ್ ಮಿಷನ್ನಿನವರ ‘ವೃತ್ತಾಂತ ಪತ್ರಿಕೆ’ಯೂ ಪ್ರಾರಂಭವಾದುವು.

ಈ ಹೆಸರುಗಳನ್ನೇ ಗಮನಿಸಬೇಕು. ಸಮಾಚಾರ, ವರ್ತಮಾನ, ವೃತ್ತಾಂತ, ವಾರ್ತೆ, ಸುದ್ದಿ ಎಂಬ ಪದಗಳನ್ನು ನಾವು ಇಂದು ಒಂದೇ ಅರ್ಥದಲ್ಲಿ ಬಳಸುತ್ತೇವೆ. ಆದರೆ ವೃತ್ತಾಂತವೆಂದರೆ ನಡೆದುದನ್ನು ಮೊದಲಿನಿಂದ ಕೊನೆಯವರೆಗೆ ಹೇಳುವುದು. ಸುದ್ದಿ ಎಂಬುದು ಶುದ್ಧಿ ಶಬ್ದದ ತದ್ಭವವೆಂದು ನಿಘಂಟುಕಾರರ ಮತ. ಕಲಬೆರಕೆಯಿಲ್ಲದೆ ತಿಳಿಯಾದುದು ಎಂಬ ಧ್ವನಿ ಆ ಪದದಲ್ಲಿದೆ. ಹತ್ತೊಂಬತ್ತನೆಯ ಶತಮಾನದ ಪತ್ರಿಕೆಗಳು ವೃತ್ತಾಂತವೆಂಬ ಹೆಸರನ್ನು ಮೆಚ್ಚಿದುದು ಆಕಸ್ಮಿಕವಲ್ಲ. ಪಕ್ಷಕ್ಕೊಮ್ಮೆ, ವಾರಕ್ಕೊಮ್ಮೆ ಬರುವ ಪತ್ರಿಕೆಯಲ್ಲಿ ಘಟನೆ ಓದುಗನನ್ನು ಮುಟ್ಟುವ ಹೊತ್ತಿಗೆ ಮುಗಿದ ಕಥೆಯಾಗಿರುತ್ತಿತ್ತು. ಮುಗಿದ ಕಥೆಯನ್ನು ಆದಿಯಿಂದ ಹೇಳುವುದೇ ಸಹಜ. ಅಲ್ಲದೆ ಒಬ್ಬನು ಓದಿ ಹತ್ತು ಮಂದಿ ಕೇಳುವ ವಾಡಿಕೆಯಿದ್ದ ಕಾಲದಲ್ಲಿ, ಕೇಳುವ ಕಿವಿಗೆ ಕಥನದ ಕ್ರಮವೇ ಹಿತವಾದುದು.

ಕಾನೂನಿನ ಪ್ರಭಾವವನ್ನೂ ಇಲ್ಲಿ ಮರೆಯಲಾಗದು. ಕಡೂರು ಜಿಲ್ಲೆಯೆಂದು ೧೯೪೭ರವರೆಗೆ ಕರೆಯಲಾಗುತ್ತಿದ್ದ ಈ ಸೀಮೆ ಮೈಸೂರು ಸಂಸ್ಥಾನಕ್ಕೆ ಸೇರಿದ್ದಿತು. ಚಾರ್ಮಾಡಿಯಿಂದ ಕೆಳಗಿಳಿದರೆ ಮದರಾಸು ಆಧಿಪತ್ಯದ ದಕ್ಷಿಣ ಕನ್ನಡ. ಮೈಸೂರು ಸರ್ಕಾರವು ೧೯೦೮ರಲ್ಲಿ ಜಾರಿಗೆ ತಂದ ವೃತ್ತಪತ್ರಿಕೆಗಳ ರೆಗ್ಯುಲೇಷನ್ ಪ್ರಕಾರ ಪತ್ರಿಕೆ ಹೊರಡಿಸಲು ಸರ್ಕಾರದ ಅನುಮತಿ ಬೇಕಾಯಿತು. ಪ್ರತಿಭಟಿಸಿ ಪತ್ರಿಕೆಗಳನ್ನು ನಿಲ್ಲಿಸಿದವರಲ್ಲಿ ‘ತಾತಯ್ಯ’ನವರೆಂದು ಜನಪ್ರಿಯರಾಗಿದ್ದ ಎಂ. ವೆಂಕಟಕೃಷ್ಣಯ್ಯನವರು ಪ್ರಮುಖರು. ಇಂತಹ ವಾತಾವರಣದಲ್ಲಿ ಬರೆಯುವವನು ಹೊಣೆಯನ್ನು ತನ್ನ ಮೇಲಿಂದ ಜಾರಿಸಿಕೊಳ್ಳುವ ವಾಕ್ಯರಚನೆಯನ್ನು ಅವಲಂಬಿಸುವುದು ಸ್ವಾಭಾವಿಕ. ‘ಎಂದು ತಿಳಿದುಬರುತ್ತದೆ’, ‘ಎಂಬ ವದಂತಿಯಿದೆ’, ‘ಎಂದು ಹೇಳಲಾಗುತ್ತದೆ’ ಎಂಬ ಕರ್ತೃವಿಲ್ಲದ ಮುಕ್ತಾಯಗಳು ಕನ್ನಡ ಸುದ್ದಿಯಲ್ಲಿ ಇಷ್ಟು ಆಳವಾಗಿ ಬೇರುಬಿಟ್ಟುದಕ್ಕೆ ಈ ಎಚ್ಚರಿಕೆಯೂ ಒಂದು ಕಾರಣವಾಗಿರಬೇಕೆಂದು ನಾವು ಊಹಿಸುತ್ತೇವೆ. ಕಾರಣ ಹೋದರೂ ಅಭ್ಯಾಸ ಉಳಿಯಿತು.

೪. ತಂತಿಯ ಕ್ರಮ

ಮುಖ್ಯಾಂಶವನ್ನು ತುದಿಯಲ್ಲಿಟ್ಟು, ಉಳಿದ ವಿವರಗಳನ್ನು ಪ್ರಾಮುಖ್ಯ ಇಳಿದಂತೆ ಜೋಡಿಸುವ ವಿನ್ಯಾಸಕ್ಕೆ ತಲೆಕೆಳಗಾದ ಪಿರಮಿಡ್ಡು ಎಂಬ ಹೆಸರು ಬಂದಿದೆ. ಇದರ ಹುಟ್ಟನ್ನು ಅಮೆರಿಕದ ಅಂತರ್ಯುದ್ಧಕ್ಕೂ ವಿದ್ಯುತ್ತಂತಿಗೂ ಜೋಡಿಸುವುದು ರೂಢಿ. ಅಧ್ಯಕ್ಷ ಲಿಂಕನ್ನರ ಮೇಲೆ ೧೮೬೫ರ ಏಪ್ರಿಲ್ ೧೪ರ ರಾತ್ರಿ ಗುಂಡು ಹಾರಿದಾಗ ಅಸೋಸಿಯೇಟೆಡ್ ಪ್ರೆಸ್ಸಿನ ಬಾತ್ಮೀದಾರನು ಕಳುಹಿಸಿದ ಮೊದಲ ತಂತಿಯಲ್ಲಿ ಪೀಠಿಕೆಯಿರಲಿಲ್ಲ. ನಾಟಕಶಾಲೆಯಲ್ಲಿ ಅಧ್ಯಕ್ಷರಿಗೆ ಗುಂಡೇಟು ಬಿದ್ದಿದೆ, ಗಾಯ ಮಾರಣಾಂತಿಕವಾಗಿರಬಹುದು ಎಂಬಷ್ಟೇ ಇದ್ದಿತು. ತಂತಿ ಯಾವಾಗ ಕಡಿಯುವುದೋ ತಿಳಿಯದಿದ್ದಾಗ, ಪ್ರತಿಯೊಂದು ಪದಕ್ಕೂ ಹಣ ತೆರಬೇಕಾದಾಗ, ಸಾರವನ್ನು ಮೊದಲು ದಾಟಿಸುವುದು ವಿವೇಕ. ಆದರೆ ಈ ಒಂದು ಕಾರಣವನ್ನು ಎಲ್ಲ ವಿದ್ವಾಂಸರೂ ಒಪ್ಪುವುದಿಲ್ಲ. ಯುದ್ಧಕಾಲದ ಸರ್ಕಾರಿ ಪ್ರಕಟಣೆಗಳ ಅಧಿಕೃತ ಶೈಲಿಯೇ ಇದರ ಮೂಲವೆಂದು ಕೆಲವರ ವಾದ. ಅವಸರದ ಓದುಗನಿಗೆ ಸುಲಭವಾಗಲೆಂದು ಆ ಶತಮಾನದ ಕೊನೆಯ ದಶಕಗಳಲ್ಲಿ ಈ ವಿನ್ಯಾಸ ವ್ಯಾಪಕವಾಯಿತೆಂದು ಮತ್ತೆ ಕೆಲವರ ವಾದ. ಮೂರು ಕಾರಣಗಳೂ ಒಂದಕ್ಕೊಂದು ವಿರುದ್ಧವಲ್ಲವೆಂದು ನಮಗೆ ತೋರುತ್ತದೆ.

ಕನ್ನಡಕ್ಕೆ ಈ ವಿನ್ಯಾಸ ಬಂದುದು ಬಹುಮಟ್ಟಿಗೆ ಇಂಗ್ಲಿಷಿನ ದಾರಿಯಿಂದ. ‘ತಾಯಿನಾಡು’ ೧೯೨೬ರಲ್ಲಿಯೂ ‘ಪ್ರಜಾವಾಣಿ’ ೧೯೪೮ರಲ್ಲಿಯೂ ಪ್ರಾರಂಭವಾದುವು. ದೂರದ ಸುದ್ದಿಗಾಗಿ ಕನ್ನಡ ದಿನಪತ್ರಿಕೆಗಳು ಸುದ್ದಿಸಂಸ್ಥೆಗಳನ್ನು ಆಶ್ರಯಿಸಿದುವು. ೧೯೪೭ರಲ್ಲಿ ಸ್ಥಾಪಿತವಾಗಿ ೧೯೪೯ರಿಂದ ಕಾರ್ಯನಿರತವಾದ ಪ್ರೆಸ್ ಟ್ರಸ್ಟ್ ಆಫ್ ಇಂಡಿಯಾದ ಸುದ್ದಿ ಟೆಲಿಪ್ರಿಂಟರಿನಲ್ಲಿ ಬರುತ್ತಿದ್ದುದು ಇಂಗ್ಲಿಷಿನಲ್ಲಿ. ಉಪಸಂಪಾದಕನು ಅದನ್ನು ಕನ್ನಡಿಸಬೇಕು, ಅದೂ ಕೂಡಲೆ. ಭಾಷಾಂತರದೊಡನೆ ವಿನ್ಯಾಸವೂ ಬಂದಿತು.

ಬೆಟ್ಟದ ಬಾತ್ಮೀದಾರನ ಸ್ಥಿತಿ ಬೇರೆ. ಆತನಿಗೆ ಅನೇಕ ವೇಳೆ ಸುದ್ದಿ ಬರೆಯುವುದು ಉಪವೃತ್ತಿ. ಅಚ್ಚಾದ ಅಂಗುಲಗಳ ಲೆಕ್ಕದಲ್ಲಿ ಸಂಭಾವನೆ ಪಡೆಯುವ ಪದ್ಧತಿಯೂ ಇದ್ದಿತು. ಅವಸರವಿಲ್ಲದ ಸುದ್ದಿಯನ್ನು ಲಕೋಟೆಯಲ್ಲಿಟ್ಟು ಅಂಚೆಗೆ ಹಾಕುವುದು, ತುಸು ಅವಸರವಿದ್ದರೆ ಬಸ್ಸಿನಲ್ಲಿ ಕಳುಹಿಸುವುದು, ತೀರ ಅವಸರವಿದ್ದರೆ ತಂತಿ ಕೊಡುವುದು ಅಥವಾ ಟ್ರಂಕ್ ಕರೆಗಾಗಿ ಕಾದು ಕುಳಿತುಕೊಳ್ಳುವುದು. ಹೀಗೆ ಒಬ್ಬನೇ ವ್ಯಕ್ತಿ ಲಕೋಟೆಗೆ ವೃತ್ತಾಂತವನ್ನೂ ತಂತಿಗೆ ಸುದ್ದಿಯನ್ನೂ ಬರೆಯಬೇಕಾಗುತ್ತಿತ್ತು. ಆತನ ಬರಹ ಕಚೇರಿಯನ್ನು ಸೇರಿದ ಮೇಲೆ ಪುಟ ಕಟ್ಟುವಾಗ ಸ್ಥಳ ಸಾಲದೆ ಹೋದರೆ, ಜೋಡಿಸಿಟ್ಟ ಮೊಳೆಗಳ ಸಾಲಿನಿಂದ ಕೊನೆಯ ಕಂಡಿಕೆಗಳನ್ನು ತೆಗೆದಿಡುವುದು ಅತಿ ಸುಲಭವಾದ ಉಪಾಯವಾಗಿದ್ದಿತು. ನಡುವೆ ಕತ್ತರಿಸಿದರೆ ಮತ್ತೆ ಓದಬೇಕು, ಮತ್ತೆ ಜೋಡಿಸಬೇಕು. ವೃತ್ತಾಂತದ ಕ್ರಮದಲ್ಲಿ ಬರೆದವನ ಸುದ್ದಿ ಈ ಕತ್ತರಿಗೆ ಸಿಕ್ಕಿದರೆ ಕಾರಣಗಳೆಲ್ಲ ಉಳಿದು ಪರಿಣಾಮವೇ ಹಾರಿಹೋಗುವುದು. ತಲೆಕೆಳಗಾದ ಪಿರಮಿಡ್ಡಿನ ಮಹತ್ತ್ವವನ್ನು ಗ್ರಾಮಾಂತರ ಬಾತ್ಮೀದಾರನಿಗೆ ಕಲಿಸಿದುದು ಪಠ್ಯಪುಸ್ತಕಕ್ಕಿಂತ ಹೆಚ್ಚಾಗಿ ಈ ಕತ್ತರಿಯೆಂದರೆ ತಪ್ಪಾಗದು. ಭಾರತದ ತಂತಿ ಸೇವೆ ೨೦೧೩ರ ಜುಲೈಯಲ್ಲಿ ನಿಂತಿತು. ಮೊಳೆ ಜೋಡಿಸುವ ಕೆಲಸ ಅದಕ್ಕೂ ಮೊದಲೇ ನಿಂತಿದ್ದಿತು. ವಿನ್ಯಾಸ ಮಾತ್ರ ಉಳಿದುಕೊಂಡಿದೆ.

೫. ಕನ್ನಡ ವಾಕ್ಯದ ಸಮಸ್ಯೆ

ಇಂಗ್ಲಿಷಿನಲ್ಲಿ ಕರ್ತೃವಿನ ಬೆನ್ನಿಗೇ ಕ್ರಿಯಾಪದ ಬರುತ್ತದೆ. ಕನ್ನಡದಲ್ಲಿ ಅದು ಕೊನೆಗೆ ಬರುವುದು. ಆರು ಪ್ರಶ್ನೆಗಳ ಉತ್ತರವನ್ನೂ ಮೊದಲ ವಾಕ್ಯದಲ್ಲಿಯೇ ತುಂಬಬೇಕೆಂದು ಹೊರಟರೆ, ಇಂಗ್ಲಿಷ್ ಓದುಗನಿಗೆ ಘಟನೆ ಮೂರನೆಯ ಪದದಲ್ಲಿ ತಿಳಿದೀತು. ಕನ್ನಡ ಓದುಗನು ಮೂವತ್ತು ಪದಗಳನ್ನು ದಾಟಿ ಕ್ರಿಯಾಪದವನ್ನು ಹುಡುಕಬೇಕು. ಸುದ್ದಿಯ ಮುಖವಾಕ್ಯ, ಎಂದರೆ ಸುದ್ದಿಮನೆಯವರು ‘ಇಂಟ್ರೋ’ ಎಂದು ಕರೆಯುವ ಭಾಗ, ಹೀಗೆ ತನ್ನ ಉದ್ದೇಶವನ್ನೇ ಕಳೆದುಕೊಳ್ಳುತ್ತದೆ.

ಒಂದು ಉದಾಹರಣೆಯನ್ನು ನಾವೇ ರಚಿಸಿ ನೋಡೋಣ. ಕಳಸ–ಹೊರನಾಡು ಮಾರ್ಗದ ಹೆಬ್ಬಾಳೆಯಲ್ಲಿದ್ದ ತಗ್ಗು ಸೇತುವೆ ಭದ್ರೆಯ ಪ್ರವಾಹದಲ್ಲಿ ಮುಳುಗಿದ ಸುದ್ದಿ ಅನೇಕ ಮಳೆಗಾಲಗಳಲ್ಲಿ ಪತ್ರಿಕೆಗಳಲ್ಲಿ ಬಂದಿದೆ. ಅದನ್ನು ಹೀಗೆ ಬರೆಯಬಹುದು: ‘ಕುದುರೆಮುಖ ಶ್ರೇಣಿಯ ಸುತ್ತಮುತ್ತ ಕಳೆದ ಕೆಲವು ದಿನಗಳಿಂದ ಎಡೆಬಿಡದೆ ಸುರಿಯುತ್ತಿರುವ ಭಾರಿ ಮಳೆಯ ಪರಿಣಾಮವಾಗಿ ಭದ್ರಾ ನದಿಯು ಉಕ್ಕಿ ಹರಿಯುತ್ತಿದ್ದು, ಹೆಬ್ಬಾಳೆ ಸೇತುವೆಯ ಮೇಲೆ ನೀರು ಬಂದುದರಿಂದ ಕಳಸ ಮತ್ತು ಹೊರನಾಡುಗಳ ನಡುವಣ ವಾಹನ ಸಂಚಾರವು ಸ್ಥಗಿತಗೊಂಡಿದೆ.’ ವ್ಯಾಕರಣದೋಷ ಇದರಲ್ಲಿಲ್ಲ. ಆದರೆ ಹೊರನಾಡಿಗೆ ಹೊರಟ ಯಾತ್ರಿಕನಿಗೆ ಬೇಕಾದುದು ಕೊನೆಯ ಎರಡು ಪದಗಳು. ಇದನ್ನೇ ಬೇರೆಯಾಗಿ ಬರೆಯಬಹುದು: ‘ಕಳಸ–ಹೊರನಾಡು ರಸ್ತೆ ಬಂದಾಗಿದೆ. ಹೆಬ್ಬಾಳೆ ಸೇತುವೆಯ ಮೇಲೆ ಭದ್ರೆಯ ನೀರು ಹರಿಯುತ್ತಿದೆ.’ ಬಳಿಕ ಬದಲಿ ದಾರಿ, ಆಮೇಲೆ ಮಳೆಯ ಪ್ರಮಾಣ, ಅದನ್ನು ತಿಳಿಸಿದವರು ಯಾರೆಂಬುದು, ಕಡೆಗೆ ಹಿಂದಣ ವರ್ಷಗಳ ಸಂಗತಿ.

ಎರಡನೆಯ ರೂಪದಲ್ಲಿ ಆರು ಉತ್ತರಗಳೂ ಒಂದೇ ವಾಕ್ಯದಲ್ಲಿಲ್ಲ, ಇರಬೇಕಾಗಿಯೂ ಇಲ್ಲ. ಕಿಪ್ಲಿಂಗನು ೧೯೦೨ರಲ್ಲಿ ಪ್ರಕಟವಾದ ಮಕ್ಕಳ ಕಥೆಗಳ ಪುಸ್ತಕದ ಒಂದು ಪದ್ಯದಲ್ಲಿ ಈ ಆರು ಪ್ರಶ್ನೆಗಳನ್ನು ಆರು ಮಂದಿ ಸೇವಕರಿಗೆ ಹೋಲಿಸಿದನು. ಲಾಹೋರಿನಲ್ಲಿ ಪತ್ರಿಕಾ ಕೆಲಸ ಮಾಡಿದ್ದ ಆತನಿಗೆ ಅವರ ಉಪಯೋಗ ತಿಳಿದಿದ್ದಿತು. ಆದರೆ ಆರು ಸೇವಕರೂ ಒಂದೇ ಬಾಗಿಲಲ್ಲಿ ಒಮ್ಮೆಗೇ ನುಗ್ಗಿದರೆ ಯಾರೂ ಒಳಗೆ ಬರಲಾರರು. ಕನ್ನಡದ ಮುಖವಾಕ್ಯಕ್ಕೆ ಎರಡು, ಹೆಚ್ಚೆಂದರೆ ಮೂರು ಉತ್ತರಗಳು ಸಾಕು. ಯಾವ ಎರಡು ಎಂಬುದನ್ನು ನಿರ್ಧರಿಸುವುದೇ ವರದಿಗಾರನ ವಿವೇಚನೆ.

‘ಏಕೆ’ ಎಂಬ ಪ್ರಶ್ನೆಯ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಉಳಿದ ಪ್ರಶ್ನೆಗಳಿಗೆ ಕಣ್ಣು ಉತ್ತರ ಕೊಟ್ಟೀತು. ಇದಕ್ಕೆ ಯಾರಾದರೂ ಹೇಳಬೇಕು. ೧೮೬೦ರ ದಶಕದ ಕೊನೆಯಲ್ಲಿ ಕಾಂಡಕೊರಕ ಹುಳು ಮೈಸೂರಿನ ಕಾಫಿ ತೋಟಗಳನ್ನು ಹಾಳುಗೆಡವಿತು. ಅದಕ್ಕೆ ಬರಗಾಲವು ಕಾರಣವೆ, ಮರದ ನೆರಳನ್ನು ತೆಗೆದುಹಾಕಿದುದು ಕಾರಣವೆ ಎಂಬ ಚರ್ಚೆ ತೋಟಗಾರರಲ್ಲಿ ನಡೆಯಿತು. ೧೮೭೧ರಲ್ಲಿಯೂ ೧೮೯೪ರಲ್ಲಿಯೂ ಮೈಸೂರಿನ ತೋಟಗಾರಿಕೆಯ ಬಗ್ಗೆ ಪುಸ್ತಕಗಳನ್ನು ಪ್ರಕಟಿಸಿದ ಆರ್. ಎಚ್. ಎಲಿಯಟ್ ನೆರಳಿನ ಮಹತ್ತ್ವವನ್ನು ಒತ್ತಿ ಹೇಳಿದನು. ತೋಟ ಒಣಗಿತೆಂಬುದು ಸಂಗತಿ, ಏಕೆ ಒಣಗಿತೆಂಬುದು ಅಭಿಪ್ರಾಯ. ಸುದ್ದಿಯಲ್ಲಿ ಎರಡೂ ಬರಬಹುದು. ಆದರೆ ಎರಡನೆಯದು ಯಾರ ಅಭಿಪ್ರಾಯವೆಂಬುದು ಕೂಡಿಕೊಂಡೇ ಬರಬೇಕು. ‘ಎಂದು ಹೇಳಲಾಗುತ್ತದೆ’ ಎಂದರೆ ಯಾರೂ ಹೇಳಲಿಲ್ಲವೆಂದೇ ಅರ್ಥ.

೬. ೧೯೭೮ರ ಉಪಚುನಾವಣೆ: ಒಂದು ಸುದ್ದಿ, ಇಬ್ಬರು ಓದುಗರು

ಕಾಫಿ ಮಲೆನಾಡು ಜಗತ್ತಿನ ಪತ್ರಿಕೆಗಳ ಕಣ್ಣಿಗೆ ಬಿದ್ದುದು ೧೯೭೮ರ ನವೆಂಬರಿನಲ್ಲಿ. ಚಿಕ್ಕಮಗಳೂರು ಲೋಕಸಭಾ ಕ್ಷೇತ್ರದ ಸದಸ್ಯರಾಗಿದ್ದ ಡಿ. ಬಿ. ಚಂದ್ರೇಗೌಡರು ಸ್ಥಾನವನ್ನು ತೆರವು ಮಾಡಿಕೊಟ್ಟರು. ಹಿಂದಿನ ವರ್ಷ ರಾಯ್‌ಬರೇಲಿಯಲ್ಲಿ ಸೋತಿದ್ದ ಶ್ರೀಮತಿ ಇಂದಿರಾ ಗಾಂಧಿಯವರು ಇಲ್ಲಿ ಸ್ಪರ್ಧಿಸಿದರು. ಜನತಾ ಪಕ್ಷದಿಂದ ನಿಂತವರು ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರು. ಶ್ರೀಮತಿ ಗಾಂಧಿಯವರು ೨,೪೯,೩೭೬ ಮತಗಳನ್ನೂ ಪಾಟೀಲರು ೧,೭೨,೦೪೩ ಮತಗಳನ್ನೂ ಪಡೆದರು, ಅಂತರ ೭೭,೩೩೩.

ಮೇಲಿನ ಕಂಡಿಕೆಯನ್ನು ನಾವು ವೃತ್ತಾಂತದ ಕ್ರಮದಲ್ಲಿ ಬರೆದಿದ್ದೇವೆ. ಇತಿಹಾಸದ ವಿದ್ಯಾರ್ಥಿಗೆ ಅದೇ ಸರಿ. ಫಲಿತಾಂಶದ ಮರುದಿನದ ಓದುಗನಿಗೆ ಈ ಕ್ರಮ ಸಲ್ಲದು. ಅವನಿಗೆ ‘ಶ್ರೀಮತಿ ಇಂದಿರಾ ಗಾಂಧಿಯವರು ಚಿಕ್ಕಮಗಳೂರಿನಲ್ಲಿ ೭೭,೩೩೩ ಮತಗಳ ಅಂತರದಿಂದ ಗೆದ್ದಿದ್ದಾರೆ’ ಎಂಬುದು ಮೊದಲು ಬೇಕು. ಎದುರಾಳಿ ಯಾರು, ಒಟ್ಟು ಮತಗಳೆಷ್ಟು ಎಂಬುದು ಅನಂತರ. ಸ್ಥಾನ ತೆರವಾದುದು ಹೇಗೆಂಬುದು ಅದಕ್ಕೂ ಅನಂತರ. ಇಷ್ಟನ್ನು ಪಠ್ಯಪುಸ್ತಕವೇ ಹೇಳುತ್ತದೆ.

ಅದು ಹೇಳದ ಮಾತೊಂದುಂಟು. ಈ ಸುದ್ದಿಗೆ ಒಬ್ಬ ಓದುಗನಿರಲಿಲ್ಲ, ಇಬ್ಬರಿದ್ದರು. ದೆಹಲಿಯ, ಲಂಡನ್ನಿನ ಓದುಗನಿಗೆ ‘ಯಾರು’ ಎಂಬುದೇ ಸುದ್ದಿ. ‘ಎಲ್ಲಿ’ ಎಂಬುದಕ್ಕೆ ವಿವರಣೆ ಬೇಕು. ಆ ವಿವರಣೆಯಲ್ಲಿ ಕಾಫಿ ತೋಟ, ಮಂಜು, ಬೆಟ್ಟಗಳು ಹಿನ್ನೆಲೆಯ ಪರದೆಯಂತೆ ಬರುತ್ತವೆ. ಮೂಡಿಗೆರೆಯ ಓದುಗನಿಗಾದರೋ ‘ಎಲ್ಲಿ’ ಎಂಬುದು ಅಂಗೈ ನೆಲ್ಲಿ. ತನ್ನ ತಾಲೂಕಿನಲ್ಲಿ ಯಾರಿಗೆ ಎಷ್ಟು ಮತ ಬಿದ್ದಿತು, ತೋಟದ ಕೂಲಿಕಾರರ ಮತ ಯಾವ ಕಡೆ ವಾಲಿತು, ಆಡಿದ ಭರವಸೆಗಳ ಗತಿಯೇನು ಎಂಬುದು ಅವನಿಗೆ ಬೇಕಾದ ಸುದ್ದಿ. ಆ ವರ್ಷದ ಡಿಸೆಂಬರ್ ೧೯ರಂದು ಲೋಕಸಭೆಯು ಶ್ರೀಮತಿ ಗಾಂಧಿಯವರನ್ನು ಸದಸ್ಯತ್ವದಿಂದ ಉಚ್ಚಾಟಿಸಿತು. ಹೊರಗಿನ ಓದುಗನಿಗೆ ಅದು ಶ್ರೀಮತಿ ಗಾಂಧಿಯವರ ಸುದ್ದಿ; ಇಲ್ಲಿಯ ಮತದಾರನಿಗೆ ಅದು ತನ್ನ ಪ್ರತಿನಿಧಿ ಇಲ್ಲವಾದ ಸುದ್ದಿ. ಒಂದೇ ಘಟನೆ, ಪಿರಮಿಡ್ಡುಗಳು ಎರಡು. ಆದುದರಿಂದ ‘ಮುಖ್ಯವಾದುದು ಮೊದಲು’ ಎಂಬ ಸೂತ್ರವು ‘ಯಾರಿಗೆ ಮುಖ್ಯ’ ಎಂಬ ಪ್ರಶ್ನೆಗೆ ಉತ್ತರ ದೊರೆಯುವವರೆಗೆ ಅಪೂರ್ಣ.

೭. ಕಾಫಿಯ ಬೆಲೆ: ಓದುಗನ ಅಗತ್ಯ ಬದಲಾದಾಗ

ಓದುಗನ ಅಗತ್ಯವು ಸುದ್ದಿಯ ರೂಪವನ್ನು ಹೇಗೆ ಬದಲಿಸುತ್ತದೆಂಬುದಕ್ಕೆ ಕಾಫಿಯ ಬೆಲೆಗಿಂತ ಸ್ಪಷ್ಟವಾದ ನಿದರ್ಶನ ದೊರೆಯದು. ಎರಡನೆಯ ಮಹಾಯುದ್ಧದಲ್ಲಿ ಯೂರೋಪಿನ ಮಾರುಕಟ್ಟೆ ಕೈತಪ್ಪಿದಾಗ ೧೯೪೦ರಲ್ಲಿ ಸುಗ್ರೀವಾಜ್ಞೆಯಿಂದಲೂ ೧೯೪೨ರಲ್ಲಿ ಕಾಯಿದೆಯಿಂದಲೂ ಕಾಫಿಯ ಮಾರಾಟವು ಮಂಡಳಿಯ ವಶಕ್ಕೆ ಬಂದಿತು. ಬೆಳೆಗಾರನು ತನ್ನ ಬೆಳೆಯನ್ನು ಪೂಲಿಗೆ ಒಪ್ಪಿಸಬೇಕು. ಮಾರಾಟವಾದಂತೆ ಪಾಯಿಂಟುಗಳ ಲೆಕ್ಕದಲ್ಲಿ ಕಂತುಕಂತಾಗಿ ಹಣ ಬರುವು‌ದು. ಆ ಕಾಲದಲ್ಲಿ ಬೆಳೆಗಾರನಿಗೆ ಸುದ್ದಿಯೆಂದರೆ ಮಂಡಳಿಯ ಪ್ರಕಟಣೆ. ಅದು ಇಂದು ತಿಳಿದರೂ ಒಂದೇ, ನಾಲ್ಕು ದಿನ ಬಿಟ್ಟು ತಿಳಿದರೂ ಒಂದೇ. ೧೯೭೫ರ ಜುಲೈಯಲ್ಲಿ ಬ್ರೆಜಿಲಿನಲ್ಲಿ ಹಿಮ ಸುರಿದು ಕಾಫಿ ಗಿಡಗಳು ಸುಟ್ಟಂತಾಗಿ ಜಗತ್ತಿನ ಬೆಲೆ ಏರಿದಾಗಲೂ ಅದರ ಫಲ ಇಲ್ಲಿಯವನಿಗೆ ಪೂಲಿನ ಮೂಲಕ, ತಡವಾಗಿಯೇ ಬರಬೇಕಾಗಿದ್ದಿತು.

ಈ ವ್ಯವಸ್ಥೆಯನ್ನು ೧೯೯೨ರಿಂದ ಹಂತಹಂತವಾಗಿ ಸಡಿಲಿಸಿ, ೧೯೯೬ರ ಸೆಪ್ಟೆಂಬರಿನಲ್ಲಿ ಎಲ್ಲ ಬೆಳೆಗಾರರಿಗೂ ಮುಕ್ತ ಮಾರಾಟದ ಅವಕಾಶ ಕೊಡಲಾಯಿತು. ಅಂದಿನಿಂದ ಮಾರಬೇಕೆ, ಇಟ್ಟುಕೊಳ್ಳಬೇಕೆ ಎಂಬ ನಿರ್ಧಾರ ಬೆಳೆಗಾರನದಾಯಿತು. ಅರೇಬಿಕಾಕ್ಕೆ ನ್ಯೂಯಾರ್ಕಿನ, ರೋಬಸ್ಟಾಕ್ಕೆ ಲಂಡನ್ನಿನ ಪೇಟೆಯ ಏರಿಳಿತ ಕಳಸದ ಚಿಕ್ಕ ಹಿಡುವಳಿದಾರನಿಗೂ ಊರ ವರ್ತಮಾನವಾಯಿತು. ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರ್ರಿ, ರೋಬಸ್ಟಾ ಪಾರ್ಚ್‌ಮೆಂಟ್, ರೋಬಸ್ಟಾ ಚೆರ್ರಿ ಎಂಬ ನಾಲ್ಕು ಸಾಲುಗಳ, ೫೦ ಕಿಲೋ ಚೀಲದ ಲೆಕ್ಕದ ಧಾರಣೆಯ ಪಟ್ಟಿಗೆ ಮುಖವಾಕ್ಯವೂ ಇಲ್ಲ, ಪಿರಮಿಡ್ಡೂ ಇಲ್ಲ. ಆದರೂ ಅದರ ಓದುಗನಿಗೆ ಅದಕ್ಕಿಂತ ಪೂರ್ಣವಾದ ಸುದ್ದಿ ಬೇರೊಂದಿಲ್ಲ. ಏಕೆಂದರೆ ಏನು, ಎಷ್ಟು, ಎಂದು ಎಂಬ ಅವನ ಮೂರೂ ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿದೆ. ಹಾಗೆಯೇ ಅದರಲ್ಲಿ ಒಂದು ಅಂಕಿ ತಪ್ಪಿದರೆ ಆಗುವ ನಷ್ಟ, ದೀರ್ಘಲೇಖನವೊಂದರ ಹತ್ತು ತಪ್ಪುಗಳಿಂದಾಗದು. ಅಲಂಕಾರಕ್ಕಿಂತ ಅಂಕಿಯ ಶುದ್ಧಿ ದೊಡ್ಡದೆಂಬ ಪಾಠವನ್ನು ಹೊಸ ವರದಿಗಾರನು ಈ ಪಟ್ಟಿಯಿಂದ ಕಲಿಯಬಹುದು.

೮. ಕೊನೆಯ ಕಂಡಿಕೆಯಲ್ಲಿರುವವರು

ಇನ್ನು ಈ ವಿನ್ಯಾಸದ ದೋಷವನ್ನು ಹೇಳದೆ ಮುಗಿಸಲಾಗದು. ತಲೆಕೆಳಗಾದ ಪಿರಮಿಡ್ಡು ಪ್ರಾಮುಖ್ಯವನ್ನು ಅಳೆಯುವ ಯಂತ್ರವಲ್ಲ. ಬರೆಯುವವನು ಯಾವುದನ್ನು ಪ್ರಮುಖವೆಂದು ನಂಬಿದ್ದಾನೋ ಅದನ್ನು ಮೇಲಕ್ಕೆ ಎತ್ತುವ ಸಾಧನವಷ್ಟೆ. ಕಾಫಿ ಸೀಮೆಯ ತೋಟಗಳಲ್ಲಿ ಘಟ್ಟದ ಕೆಳಗಿನಿಂದಲೂ ತಮಿಳು ನಾಡಿನಿಂದಲೂ ಮೇಸ್ತ್ರಿಗಳ ಮೂಲಕ ಬಂದು ಲೈನ್ ಮನೆಗಳಲ್ಲಿ ನೆಲಸಿದ ಕಾರ್ಮಿಕರ ತಲೆಮಾರುಗಳು ದುಡಿದಿವೆ. ಅವರ ವಸತಿ, ವೈದ್ಯಕೀಯ ಸಹಾಯ, ಕೆಲಸದ ವೇಳೆಗಳ ಬಗ್ಗೆ ಪ್ಲಾಂಟೇಷನ್ ಕಾರ್ಮಿಕರ ಕಾಯಿದೆ ೧೯೫೧ರಲ್ಲಿ ಬಂದಿತು. ಕಾನೂನು ಅವರನ್ನು ಹೆಸರಿಟ್ಟು ಗುರುತಿಸಿದರೂ ಸುದ್ದಿಯ ಅಭ್ಯಾಸ ಹಾಗೆ ಗುರುತಿಸುವುದು ಸುಲಭವಾಗಿರಲಿಲ್ಲ.

ಆನೆಯ ದಾಳಿಯಿಂದ ತೋಟದ ಕೆಲಸದವಳೊಬ್ಬಳು ಸತ್ತಳೆಂದು ಭಾವಿಸೋಣ. ಮೂಡಿಗೆರೆ ಕಡೆಯಲ್ಲಿ ಇಂತಹ ಸಂಕಟ ಅಪರೂಪವಲ್ಲ. ರೂಢಿಯಂತೆ ಬರೆದರೆ ಮೊದಲ ಕಂಡಿಕೆಯಲ್ಲಿ ಆನೆಯ ಹಾವಳಿ, ಎರಡನೆಯದರಲ್ಲಿ ಶಾಸಕರ ಭೇಟಿ, ಮೂರನೆಯದರಲ್ಲಿ ಅರಣ್ಯಾಧಿಕಾರಿಯ ಹೇಳಿಕೆ, ನಾಲ್ಕನೆಯದರಲ್ಲಿ ತೋಟದ ಮಾಲಿಕರ ಹೆಸರು ಬರುತ್ತವೆ. ಸತ್ತವಳ ಹೆಸರು, ಆಕೆಗಿದ್ದ ಮಕ್ಕಳು, ಆಕೆ ಎಷ್ಟು ವರ್ಷದಿಂದ ಅಲ್ಲಿ ದುಡಿಯುತ್ತಿದ್ದಳೆಂಬುದು ಐದನೆಯ ಕಂಡಿಕೆಯಲ್ಲಿರುತ್ತದೆ. ಪುಟ ಕಟ್ಟುವವನು ಕೊನೆಯಿಂದ ಕತ್ತರಿಸುತ್ತಾನೆ. ಮರುದಿನ ಓದುಗನ ಕೈಗೆ ಬಂದ ಸುದ್ದಿಯಲ್ಲಿ ‘ಕೂಲಿ ಮಹಿಳೆ’ ಎಂಬುದಷ್ಟೇ ಉಳಿದಿರುತ್ತದೆ. ಇಲ್ಲಿ ಯಾರೂ ಸುಳ್ಳು ಬರೆಯಲಿಲ್ಲ. ಆದರೂ ‘ಯಾರು’ ಎಂಬ ಮೊದಲ ಪ್ರಶ್ನೆಗೇ ಉತ್ತರವಿಲ್ಲವಾಯಿತು. ವೀರಗಲ್ಲನ್ನು ಕಡೆದವನು ಹಸುಗಳಿಗಾಗಿ ಹೋರಾಡಿ ಮಡಿದವನ ಹೆಸರನ್ನು ಮರೆಯುತ್ತಿರಲಿಲ್ಲವೆಂಬುದನ್ನು ಇಲ್ಲಿ ನೆನೆಯಬಹುದು.

ಈ ದೋಷವನ್ನು ಕಂಡು ವಿನ್ಯಾಸವನ್ನೇ ತ್ಯಜಿಸಿದ ಪತ್ರಿಕೆಗಳೂ ಉಂಟು. ೧೯೮೦ರಲ್ಲಿ ಪ್ರಾರಂಭವಾದ ‘ಲಂಕೇಶ್ ಪತ್ರಿಕೆ’ಯು ವರದಿಗೆ ಕಥನದ ಗುಣವನ್ನು ಮತ್ತೆ ತಂದಿತು, ಮೂಡಿಗೆರೆಯ ತೋಟದಲ್ಲಿ ನೆಲಸಿದ್ದ ಪೂರ್ಣಚಂದ್ರ ತೇಜಸ್ವಿಯವರೂ ಅದರಲ್ಲಿ ಬರೆದರು. ವಾರಪತ್ರಿಕೆಯ ಬಿಡುವಿನಲ್ಲಿ ವೃತ್ತಾಂತದ ಕ್ರಮಕ್ಕೆ ಪುನಃ ಎಡೆ ದೊರೆತುದು, ಹಳೆಯ ರೂಪಗಳು ಸಾಯುವುದಿಲ್ಲ, ತಮಗೆ ತಕ್ಕ ಸಂದರ್ಭಕ್ಕಾಗಿ ಕಾಯುತ್ತವೆ ಎಂಬುದನ್ನು ತೋರಿಸುತ್ತದೆ. ಆದರೆ ದಿನಪತ್ರಿಕೆಗೆ, ಅದರಲ್ಲಿಯೂ ವಿಪತ್ತಿನ ದಿನಗಳಲ್ಲಿ, ಅದು ಸಲ್ಲದು. ೨೦೧೯ರ ಆಗಸ್ಟಿನ ಮಳೆಯಲ್ಲಿ ಮೂಡಿಗೆರೆ ತಾಲೂಕಿನ ಗುಡ್ಡಗಳು ಕುಸಿದು ಚಾರ್ಮಾಡಿ ಘಾಟಿ ಮುಚ್ಚಿದಾಗ, ಯಾವ ದಾರಿ ತೆರೆದಿದೆ, ಯಾರು ಸುರಕ್ಷಿತರು ಎಂಬುದನ್ನು ಮೊದಲ ಸಾಲಿನಲ್ಲಿ ಹೇಳದ ಬರಹದಿಂದ ಯಾರಿಗೂ ಪ್ರಯೋಜನವಿರಲಿಲ್ಲ.

೯. ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಆರು ಪ್ರಶ್ನೆಗಳು ಶಾಸನದಷ್ಟು ಹಳೆಯವು. ಅವುಗಳನ್ನು ಜೋಡಿಸುವ ಕ್ರಮ ಮಾತ್ರ ಕಾಲಕಾಲಕ್ಕೆ ಬದಲಾಗಿದೆ. ಆ ಬದಲಾವಣೆಗೆ ಕಾರಣವಾದುವು ತಂತಿ, ಮೊಳೆ, ಕಾನೂನುಗಳಂತಹ ಹೊರಗಿನ ಸಂಗತಿಗಳು. ಇವುಗಳಲ್ಲಿ ಅನೇಕ ಇಂದು ಇಲ್ಲವಾಗಿವೆ. ಓದುಗನ ಅವಸರವೂ ಅಗತ್ಯವೂ ಉಳಿದಿವೆ. ಆದುದರಿಂದ ವಿನ್ಯಾಸವನ್ನು ಸಮರ್ಥಿಸಬೇಕಾದುದು ಓದುಗನ ಹೆಸರಿನಲ್ಲಿಯೇ ಹೊರತು ಪರಂಪರೆಯ ಹೆಸರಿನಲ್ಲಿ ಅಲ್ಲ.

ಸುದ್ದಿ ಬರೆಯಲು ಕುಳಿತ ವಿದ್ಯಾರ್ಥಿಯು ಮೊದಲು ಕೇಳಿಕೊಳ್ಳಬೇಕಾದುದು, ಇದನ್ನು ಓದುವವನು ನಾಳೆ ಬೆಳಿಗ್ಗೆ ಇದರಿಂದ ಏನನ್ನು ನಿರ್ಧರಿಸಬೇಕಾಗಿದೆ ಎಂಬುದು. ಅದಕ್ಕೆ ಬೇಕಾದುದು ಮುಖವಾಕ್ಯದಲ್ಲಿರಲಿ. ಕ್ರಿಯಾಪದವು ಓದುಗನ ಉಸಿರು ಕಟ್ಟುವ ಮೊದಲೇ ಬರಲಿ. ‘ಏಕೆ’ ಎಂಬುದರ ಜೊತೆಗೆ ಹೇಳಿದವರ ಹೆಸರಿರಲಿ. ಬರೆದು ಮುಗಿಸಿದ ಮೇಲೆ ಕೊನೆಯ ಎರಡು ಕಂಡಿಕೆಗಳನ್ನು ಕೈಯಿಂದ ಮುಚ್ಚಿ ಮತ್ತೊಮ್ಮೆ ಓದಲಿ. ಕತ್ತರಿ ಬಿದ್ದರೂ ಸುದ್ದಿ ಕೆಡಲಿಲ್ಲವಾದರೆ ಕಟ್ಟಡ ಸರಿಯಾಗಿದೆ. ಮುಚ್ಚಿದ ಭಾಗದಲ್ಲಿ ಒಬ್ಬ ಮನುಷ್ಯನ ಹೆಸರಿದ್ದು, ಅದಿಲ್ಲದೆ ಆತನು ಬರಿಯ ಸಂಖ್ಯೆಯಾಗುವುದಾದರೆ, ಆ ಹೆಸರನ್ನು ಮೇಲಕ್ಕೆ ತರಬೇಕು. ಇಷ್ಟು ಮಾಡಿದವನ ಬರಹವು ಸುದ್ದಿಯೆಂಬ ಪದದ ಮೂಲಾರ್ಥಕ್ಕೆ ದೂರವಾಗದು.